ಒಕ್ಕಲಿದ್ದರೆ ಉಳಿಯುವ ಊರು

ಯುರೋಪ್ ಪ್ರವಾಸ ಮುಗಿಸಿ ಬಂದವರ ಬಾಯಲ್ಲಿ ಒಂದು ಮಾತು ಸಾಮಾನ್ಯ: ‘ಎರಡು ಸಾವಿರ ವರ್ಷದ ಕಟ್ಟಡಗಳನ್ನು ಅವರು ಹೇಗೆ ಜೋಪಾನ ಮಾಡಿದ್ದಾರೆ ನೋಡಿ, ನಮ್ಮವನ್ನು ನಾವು ಹೇಗೆ ಹಾಳುಬಿಟ್ಟಿದ್ದೇವೆ ನೋಡಿ.’ ಬೆಂಗಳೂರು, ಮೈಸೂರಿನ ಮಾತು ಹಾಗಿರಲಿ, ಈಗ ಗುಂಡ್ಲುಪೇಟೆ, ಚಾಮರಾಜನಗರದ ಮನೆಗಳಲ್ಲೂ ಮಗನೋ ಮಗಳೋ ಹೊರದೇಶದಲ್ಲಿರುವುದುಂಟು. ಕೊಲೋಸಿಯಂ ಮುಂದೆ ನಿಂತು ತೆಗೆಸಿಕೊಂಡ ಫೋಟೊ ಅಪರೂಪದ್ದೇನಲ್ಲ. ಆ ಮಾತಿನಲ್ಲಿ ಬೆರಗೂ ಇದೆ, ನಾಚಿಕೆಯೂ ಇದೆ. ಆದರೆ ಅದರ ಮೊದಲರ್ಧ ಚರಿತ್ರೆಗೆ ಒಪ್ಪುವಂಥದ್ದಲ್ಲ. ಅದು ತಪ್ಪಿದ್ದರಿಂದಲೇ ನಾವು ಕಲಿಯಬೇಕಾದ ಪಾಠವೂ ತಪ್ಪಿಹೋಗುತ್ತಿದೆ.

ಸಾಮ್ರಾಜ್ಯ ಮುಗಿದ ಮೇಲೆ ರೋಮಿನ ಜನ ಹಳೆಯದನ್ನು ಕಾಪಾಡಿದ್ದಕ್ಕಿಂತ ಕಿತ್ತೊಯ್ದದ್ದೇ ಹೆಚ್ಚು. ಒಂದು ಕಾಲಕ್ಕೆ ಲೋಕವನ್ನೇ ಆಳಿದ ಫೋರಂ ಎಂಬ ಸಭಾಚೌಕ ಶತಮಾನಗಳ ಕಾಲ ಮಣ್ಣು ತುಂಬಿಕೊಂಡು ದನ ಕಟ್ಟುವ ಬಯಲಾಗಿತ್ತು. ಊರಿನವರು ಅದನ್ನು ಕರೆಯುತ್ತಿದ್ದುದೂ ದನದ ಬಯಲು ಎಂದೇ. ಅಮೃತಶಿಲೆಯ ಕಂಬಗಳನ್ನೂ ವಿಗ್ರಹಗಳನ್ನೂ ಒಡೆದು, ಗೂಡಿಗೆ ಹಾಕಿ ಸುಟ್ಟು ಸುಣ್ಣ ಮಾಡಿದರು. ಕೊಲೋಸಿಯಂ ಅಂತೂ ಊರಿಗೆಲ್ಲ ಕಲ್ಲುಗಣಿ. 1349ರ ಭೂಕಂಪದಲ್ಲಿ ಉರುಳಿದ ಕಲ್ಲುಗಳು ಒಂದೊಂದಾಗಿ ಊರೊಳಗಿನ ಹೊಸ ಕಟ್ಟಡಗಳನ್ನು ಸೇರಿದವು. 15ನೆಯ ಶತಮಾನದಲ್ಲಿ ಪೋಪರ ಕಾಮಗಾರಿಗಳಿಗೆ ಅಲ್ಲಿಂದ ಗಾಡಿಗಟ್ಟಲೆ ಕಲ್ಲು ಹೋಯಿತು. 17ನೆಯ ಶತಮಾನದಲ್ಲಿ ಎಂಟನೆಯ ಅರ್ಬನ್ ಪೋಪ್ ಪ್ಯಾಂಥಿಯನ್ ಎಂಬ ಹಳೆಯ ದೇಗುಲದ ಮುಖಮಂಟಪದ ಕಂಚನ್ನೂ ಬಿಡಲಿಲ್ಲ. ಹೊಲದ ಬದುವಿಗೆ ವೀರಗಲ್ಲು ನೆಟ್ಟ ನಮ್ಮ ರೈತ ಮಾಡಿದ್ದು ಇದಕ್ಕಿಂತ ದೊಡ್ಡ ಅಪರಾಧವೇನಲ್ಲ.

ಹೀಗಿದ್ದೂ ಕೆಲವು ಕಟ್ಟಡಗಳು ಉಳಿದವು. ಯಾವುವು ಉಳಿದವು ಎಂದು ಪಟ್ಟಿ ಹಾಕಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಪ್ಯಾಂಥಿಯನ್ 609ರಲ್ಲಿ ಚರ್ಚಾಯಿತು. ಅಂದಿನಿಂದ ಇಂದಿನವರೆಗೆ ಅಲ್ಲಿ ಪ್ರಾರ್ಥನೆ ನಿಂತಿಲ್ಲ, ಹಾಗಾಗಿ ಗುಮ್ಮಟ ಸೋರಿದಾಗ ಅದನ್ನು ನೋಡಿಕೊಳ್ಳುವವರೂ ಇದ್ದರು. ಸ್ಪೇನಿನ ಸೆಗೋವಿಯಾ ಊರಿನ ಮೇಲ್ಗಾಲುವೆ 19ನೆಯ ಶತಮಾನದವರೆಗೂ ಊರಿಗೆ ನೀರು ತರುತ್ತಿತ್ತು. ಫ್ರಾನ್ಸಿನ ನೀಮ್ ಊರಿನಲ್ಲಿರುವ ಮೇಸೋಂ ಕಾರೆ ಎಂಬ ಪುಟ್ಟ ರೋಮನ್ ದೇಗುಲ ಪುರಸಭೆಯ ಕಚೇರಿಯಾಗಿ, ಕುದುರೆಲಾಯವಾಗಿ, ಚರ್ಚಾಗಿ, ದಫ್ತರಖಾನೆಯಾಗಿ ದುಡಿದಿದೆ. ಬಳಕೆ ನಿಲ್ಲದ ಕಟ್ಟಡಕ್ಕೆ ವಾರಸುದಾರರು ಇದ್ದೇ ಇರುತ್ತಾರೆ. ಬಳಕೆ ನಿಂತದ್ದು ಕಲ್ಲಿನ ರಾಶಿಯಾಯಿತು, ಮುಂದೆ ಯಾವಾಗಲೋ ಸರ್ಕಾರ ಬಂದು ಬೇಲಿ ಹಾಕಿತು.

ಇದಕ್ಕೆ ಅತ್ಯಂತ ಸ್ಪಷ್ಟವಾದ ನಿದರ್ಶನ ಕ್ರೊಯೇಷಿಯಾದ ಸ್ಪ್ಲಿಟ್ ನಗರ. ಚಕ್ರವರ್ತಿ ಡಯೊಕ್ಲೀಷಿಯನ್ 305ರಲ್ಲಿ ತಾನಾಗಿ ಪಟ್ಟ ಬಿಟ್ಟು, ಸಮುದ್ರದ ದಡದಲ್ಲಿ ಕಟ್ಟಿಸಿಕೊಂಡಿದ್ದ ಅರಮನೆಗೆ ಬಂದು ನೆಲೆಸಿದ. ಅರಮನೆ ಎಂದರೂ ಅದು ನಾಲ್ಕು ದಿಕ್ಕಿಗೂ ಗೋಡೆಯಿದ್ದ ಕೋಟೆಯೇ. ಅವನು ಸತ್ತು ಮೂರು ಶತಮಾನ ಕಳೆದ ಮೇಲೆ, ಹತ್ತಿರದ ಸಲೋನಾ ನಗರ ದಾಳಿಗೆ ತುತ್ತಾದಾಗ ಅಲ್ಲಿನ ಜನ ಓಡಿಬಂದು ಈ ಗೋಡೆಗಳೊಳಗೆ ಸೇರಿಕೊಂಡರು. ಸೇರಿದವರು ಮತ್ತೆ ಹೊರಡಲಿಲ್ಲ. ಕಂಬಗಳ ನಡುವೆ ಗೋಡೆ ಎಬ್ಬಿಸಿ ಮನೆ ಮಾಡಿಕೊಂಡರು. ಕ್ರೈಸ್ತರನ್ನು ಹಿಂಸಿಸಿದ ಚಕ್ರವರ್ತಿಯ ಸಮಾಧಿಯನ್ನೇ ಚರ್ಚು ಮಾಡಿದರು. ಲೋಕದ ಅತಿ ಹಳೆಯ ಕಟ್ಟಡದೊಳಗಿನ ಕೆಥೆಡ್ರಲ್‌ಗಳಲ್ಲಿ ಇಂದು ಅದೂ ಒಂದು. ಮೇಲಿನ ಮನೆಗಳವರು ತಮ್ಮ ಕಸವನ್ನೆಲ್ಲ ನೆಲಮಾಳಿಗೆಗೆ ಸುರಿಯುತ್ತ ಬಂದದ್ದರಿಂದ ಅದು ಶತಮಾನಗಳ ಕಾಲ ತುಂಬಿಕೊಂಡೇ ಇತ್ತು. 20ನೆಯ ಶತಮಾನದ ನಡುವಿನಿಂದ ಕಸ ತೆಗೆಯುತ್ತ ಹೋದಾಗ ಕಂಡದ್ದೇನು? ಮೇಲೆ ಅಳಿದುಹೋಗಿದ್ದ ಚಕ್ರವರ್ತಿಯ ಕೋಣೆಗಳ ಅಳತೆ, ಆಕಾರ ಎಲ್ಲವೂ ಕೆಳಗಿನ ಕಮಾನುಗಳಲ್ಲಿ ಹಾಗೆಯೇ ಉಳಿದಿದ್ದವು. ಕಸವೇ ಅದನ್ನು ಕಾಪಾಡಿತ್ತು.

1757ರಲ್ಲಿ ಸ್ಕಾಟ್ಲೆಂಡಿನ ವಾಸ್ತುಶಿಲ್ಪಿ ರಾಬರ್ಟ್ ಆಡಮ್ ಇಲ್ಲಿಗೆ ಬಂದು, ಕೆಲವು ವಾರ ನಿಂತು ಅಳತೆ ತೆಗೆದು, 1764ರಲ್ಲಿ ಅದರ ನಕ್ಷೆಗಳ ದೊಡ್ಡ ಪುಸ್ತಕ ಪ್ರಕಟಿಸಿದ. ಅದರಲ್ಲಿ ಅರಮನೆ ಮೂಲದಲ್ಲಿ ಹೇಗಿತ್ತೆಂದು ಊಹಿಸಿ ಬರೆದ ನಕ್ಷೆಗಳಿವೆ. ಆ ನಕ್ಷೆಗಳಲ್ಲಿ ಒಕ್ಕಲು ಮನೆಗಳಿಲ್ಲ. ಪ್ರವಾಸಿಯ ಕಣ್ಣಿನ ಸ್ವಭಾವವೇ ಅಂಥದ್ದು. ಅದಕ್ಕೆ ಬೇಕಾದದ್ದು ರಾಜ, ಅಡ್ಡ ಬರುವುದು ಬಟ್ಟೆ ಒಣಹಾಕಿದ ಹಗ್ಗ. ಆದರೆ ಆ ಹಗ್ಗ ಕಟ್ಟಿದವರು ಇರದಿದ್ದರೆ ಅಳತೆ ತೆಗೆಯಲು ಆಡಮ್‌ಗೆ ಗೋಡೆಯೇ ಸಿಕ್ಕುತ್ತಿರಲಿಲ್ಲ. 1979ರಲ್ಲಿ ಯುನೆಸ್ಕೊ ಸ್ಪ್ಲಿಟ್ ಅನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಅರಮನೆಯೊಂದನ್ನೇ ಸೇರಿಸಲಿಲ್ಲ, ಅದರ ಒಳಗೂ ಸುತ್ತಲೂ ಬೆಳೆದ ಊರನ್ನೂ ಸೇರಿಸಿತು.

ಒಕ್ಕಲೆಬ್ಬಿಸಿ ಸ್ಮಾರಕ ಮಾಡುವ ಇನ್ನೊಂದು ದಾರಿಯೂ ಇದೆ. ಫ್ರಾನ್ಸಿನ ಆರ್ಲ್ ಊರಿನ ರೋಮನ್ ಬಯಲು ರಂಗಸ್ಥಳದೊಳಗೆ ಮಧ್ಯಯುಗದಲ್ಲಿ ಇನ್ನೂರಕ್ಕೂ ಹೆಚ್ಚು ಮನೆ, ಎರಡು ಪ್ರಾರ್ಥನಾಮಂದಿರಗಳಿದ್ದ ಒಂದು ಊರೇ ಇತ್ತು. 1820ರ ದಶಕದಿಂದ ಅವನ್ನೆಲ್ಲ ಕೆಡವಿ ತೆರವು ಮಾಡಿದರು. ರೋಮಿನಲ್ಲಿ ಮುಸೊಲಿನಿ ಕೊಲೋಸಿಯಂವರೆಗೆ ನೇರ ರಾಜಬೀದಿ ಬೇಕೆಂದು ಹಳೆಯ ಬಡಾವಣೆಗಳನ್ನೇ ನೆಲಸಮ ಮಾಡಿಸಿದ. ಅಲ್ಲಿದ್ದ ಬಡವರನ್ನು ಊರಾಚೆಯ ಕಾಲೊನಿಗಳಿಗೆ ಸಾಗಹಾಕಿ 1932ರಲ್ಲಿ ರಸ್ತೆ ಉದ್ಘಾಟಿಸಿದ. ಇಂದಿಗೂ ಪ್ರವಾಸಿಗಳು ಫೋಟೊ ತೆಗೆಯಲು ನಿಲ್ಲುವುದು ಅದೇ ರಸ್ತೆಯಲ್ಲಿ.

ನಮ್ಮಲ್ಲಿ ಈ ದಾರಿ ಹಿಡಿದದ್ದು ಹಂಪಿ. 2011ರ ಜುಲೈ ಕೊನೆಯಲ್ಲಿ ವಿರೂಪಾಕ್ಷ ಗುಡಿಯ ಮುಂದಿನ ಬಜಾರಿನ ಸಾಲುಮಂಟಪಗಳಲ್ಲಿದ್ದ ಮನೆ, ಅಂಗಡಿಗಳನ್ನು ಯಂತ್ರ ತಂದು ಕೆಡವಿದರು. ಅಲ್ಲಿದ್ದ ಕುಟುಂಬಗಳಿಗೆ ಕಡ್ಡಿರಾಂಪುರದ ಕಡೆ ಜಾಗ ತೋರಿಸಿದರು. ಒತ್ತುವರಿ ಇರಲಿಲ್ಲವೆಂದಲ್ಲ. ಮಂಟಪದ ಕಂಬಕ್ಕೆ ಇಟ್ಟಿಗೆ ಗೋಡೆ ಕಟ್ಟಿದವರೂ ಇದ್ದರು, ಮೇಲೆ ಮಹಡಿ ಎಬ್ಬಿಸಿದವರೂ ಇದ್ದರು. ಆದರೆ ವಿಜಯನಗರದ ಕಾಲದಲ್ಲಿ ಆ ಬೀದಿ ಇದ್ದದ್ದೇ ವ್ಯಾಪಾರಕ್ಕೆ. ವ್ಯಾಪಾರಿಗಳಿಲ್ಲದ ಬಜಾರನ್ನು ನೋಡಿ ಯಾರು ಏನನ್ನು ತಿಳಿದುಕೊಳ್ಳಬೇಕು? ತಪ್ಪು ಮಾಡಿದವರನ್ನು ತಿದ್ದುವ ಬದಲು ಇಡೀ ಬೀದಿಯನ್ನೇ ಖಾಲಿ ಮಾಡಿಸಿದ್ದು ಸಂರಕ್ಷಣೆಯ ಸುಲಭದ ದಾರಿ, ಬುದ್ಧಿವಂತಿಕೆಯದಲ್ಲ.

ಈಗ ನಮ್ಮ ಸೀಮೆಗೆ ಬರೋಣ. ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ನಡುವಿನ ಉಡಿಗಾಲ, ತೆರಕಣಾಂಬಿಯ ನೆಲವನ್ನು ರೋಮಿನ ಜೊತೆ ಒಂದೇ ಉಸಿರಿನಲ್ಲಿ ಹೇಳುವುದು ಅತಿಯಾಯಿತು ಎನ್ನುವವರಿರಬಹುದು. ಆದರೆ ಈ ನೆಲವನ್ನೊಳಗೊಂಡ ಮೈಸೂರು ದಕ್ಷಿಣಸೀಮೆಯ ಪುನ್ನಾಟ ರಾಜ್ಯ ರೋಮನ್ ಲೋಕಕ್ಕೆ ಗೊತ್ತಿತ್ತು. ಅದರ ರಾಜಧಾನಿ ಕೀರ್ತಿಪುರ ಇಂದಿನ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಿತ್ತೂರು. 2ನೆಯ ಶತಮಾನದ ಭೂಗೋಳಕಾರ ಟಾಲೆಮಿ ‘ಪೌನ್ನಾಟ’ ಎಂಬ ಊರಿನ ಹೆಸರು ಹೇಳಿ, ಅಲ್ಲಿ ವೈಡೂರ್ಯದ ಜಾತಿಯ ಹಸಿರು ಹರಳು ಸಿಗುತ್ತದೆಂದು ಬರೆದಿದ್ದಾನೆ. ಅದು ಈ ಪುನ್ನಾಟವೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಭಾರತದ ಸರಕಿಗಾಗಿ ರೋಮಿನ ದುಡ್ಡೆಲ್ಲ ಹರಿದುಹೋಗುತ್ತಿದೆ ಎಂದು ಪ್ಲಿನಿ ಅದಕ್ಕೂ ಮುಂಚೆಯೇ ಗೊಣಗಿದ್ದ. ಹರಿದುಬಂದ ದುಡ್ಡಿನ ಗುರುತು ಕರ್ನಾಟಕದಲ್ಲಿ ಸಿಕ್ಕಿದೆ: ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ರೋಮನ್ ಬೆಳ್ಳಿನಾಣ್ಯಗಳ ನಿಧಿಯೇ ದೊರೆಯಿತು. ನಮ್ಮ ನೆಲದ ಹರಳು ರೋಮಿನ ಸಿರಿವಂತರ ಬೆರಳೇರಿದ ಕಾಲ ಅದು. ಡಯೊಕ್ಲೀಷಿಯನ್ ಪಟ್ಟ ಬಿಟ್ಟ ಮೇಲೆ ಸುಮಾರು ಅರ್ಧ ಶತಮಾನದಲ್ಲಿ ದಕ್ಷಿಣ ಕರ್ನಾಟಕದಲ್ಲಿ ಗಂಗರ ಆಳ್ವಿಕೆ ಶುರುವಾಯಿತು.

ಗಂಗರ ಕಾಲದ ಒಂದು ಗುಡಿಯನ್ನೇ ಹತ್ತಿರದಿಂದ ನೋಡಬಹುದು. ಚಾಮರಾಜನಗರ ತಾಲ್ಲೂಕಿನ ನರಸಮಂಗಲದ ರಾಮೇಶ್ವರ ಗುಡಿಯ ವಿಮಾನ ಕಲ್ಲಿನದಲ್ಲ, ಇಟ್ಟಿಗೆಯದು. ಅದರ ಮೇಲಿನ ದೇವತೆಗಳನ್ನು ಉಳಿಯಿಂದ ಕೆತ್ತಿಲ್ಲ. ಗಾರೆಯನ್ನು ಮೆತ್ತಿ ಕೈಯಿಂದ ತಿದ್ದಿದ್ದಾರೆ. ಸುಮಾರು 9ನೆಯ ಶತಮಾನದ ಈ ಗಾರೆ ಬೊಂಬೆಗಳು ಮಳೆ, ಬಿಸಿಲಿಗೆ ಮೈಯೊಡ್ಡಿ ಇಷ್ಟಾದರೂ ಉಳಿದದ್ದೇ ಸೋಜಿಗ. ಒಳಗಿರುವ ಸಪ್ತಮಾತೃಕೆಯರ ಶಿಲ್ಪಗಳೂ ಅಷ್ಟೇ ಸೊಗಸು. ರೋಮನ್ನರ ಗಾರೆಯ ಗುಟ್ಟು ಸುಣ್ಣಕ್ಕೆ ಬೆರೆಸುತ್ತಿದ್ದ ಜ್ವಾಲಾಮುಖಿ ಬೂದಿ ಎನ್ನುತ್ತಾರೆ. ನಮ್ಮ ಗಾರೆಯವರ ಪದ್ಧತಿಯಲ್ಲಿ ಸುಣ್ಣಕ್ಕೆ ಮರಳು ಬೆರೆಸಿ, ಬೆಲ್ಲದ ನೀರು, ಅಳಲೆಕಾಯಿ ಕಷಾಯ ಹಾಕಿ, ದಿನಗಟ್ಟಲೆ ಅರೆದು ಹದ ಮಾಡುವುದಿತ್ತು. ಇಂಥ ಗೋಡೆ ಉಸಿರಾಡುತ್ತದೆ. ಒಳಗಿನ ಪಸೆ ಹೊರಗೆ ಹೋಗುತ್ತದೆ. ಅದರ ಬಿರುಕಿಗೆ ಇಂದು ಸಿಮೆಂಟು ಮೆತ್ತಿದರೆ ಪಸೆ ಒಳಗೇ ಕೂತು, ಉಪ್ಪು ಕಟ್ಟಿ, ಹಳೆಯ ಗಾರೆಯನ್ನು ಸಿಪ್ಪೆ ಸಿಪ್ಪೆಯಾಗಿ ಉದುರಿಸುತ್ತದೆ. ಹಾಗೆ ರಿಪೇರಿಯ ಹೆಸರಿನಲ್ಲೇ ಕೆಟ್ಟ ಗುಡಿಗಳು ರಾಜ್ಯದ ತುಂಬ ಇವೆ.

ತೆರಕಣಾಂಬಿಯೂ ಒಂದು ಕಾಲದ ಕೋಟೆಯೂರು, ರಾಜಕಾರಣದ ಕೇಂದ್ರ. ಉಮ್ಮತ್ತೂರಿನ ಪಾಳೆಯಗಾರರು ಆಳಿ, 17ನೆಯ ಶತಮಾನದ ಮೊದಲ ದಶಕಗಳಲ್ಲಿ ಮೈಸೂರು ಒಡೆಯರ ಕೈಗೆ ಬಂದ ಊರು. ಲಕ್ಷ್ಮೀವರದರಾಜ, ರಾಮಭದ್ರ, ಸುಗ್ರೀವ ಎಂದು ಗುಡಿಗಳ ಸಾಲೇ ಇದೆ. ಸುಗ್ರೀವನಿಗೇ ಒಂದು ಗುಡಿ ಇರುವುದು ಬೇರೆಡೆ ಅಪರೂಪ. ಗುಂಡ್ಲುಪೇಟೆಯಲ್ಲಿ ಚಿಕ್ಕದೇವರಾಜ ಒಡೆಯರು ತಂದೆಯ ನೆನಪಿಗೆ ಕಟ್ಟಿಸಿದ ಪರವಾಸುದೇವ ಗುಡಿ ಬಹುಕಾಲ ಪಾಳು ಬಿದ್ದಿತ್ತು. ಊಟಿ, ಬಂಡೀಪುರ, ವಯನಾಡಿಗೆ ಹೋಗುವ ಕಾರುಗಳಲ್ಲಿ ಹೆಚ್ಚಿನವು ಗುಂಡ್ಲುಪೇಟೆಯನ್ನು ದಾಟಿಯೇ ಹೋಗುತ್ತವೆ. ಸೂರ್ಯಕಾಂತಿ ಹೂಬಿಟ್ಟ ಕಾಲದಲ್ಲಿ ಅವು ರಸ್ತೆಬದಿಯ ಹೊಲಗಳ ಮುಂದೆ ಸಾಲುಗಟ್ಟಿ ನಿಲ್ಲುತ್ತವೆ. ಹೊಲಕ್ಕಿಳಿದು ಫೋಟೊ ತೆಗೆದುಕೊಳ್ಳಲು ಇಷ್ಟು ಎಂದು ದುಡ್ಡು ಪಡೆಯುವ ರೈತರೂ ಇದ್ದಾರೆ. ತಪ್ಪೇನಿಲ್ಲ. ಆದರೆ ಒಂದು ತಿಂಗಳು ಬಾಳುವ ಹೂವಿಗೆ ಒಡೆಯ, ಬೆಲೆ, ಕಾವಲು ಎಲ್ಲ ಇದ್ದು, ಸಾವಿರ ವರ್ಷದ ಗುಡಿಗೆ ಇವು ಯಾವುವೂ ಇಲ್ಲವೆಂದರೆ ಅದಕ್ಕೆ ಕಾರಣ ಹುಡುಕಬೇಕು.

ನಮ್ಮ ಜನಕ್ಕೆ ಅಭಿಮಾನವಿಲ್ಲ ಎಂಬುದು ಎಲ್ಲರೂ ಕೊಡುವ ಕಾರಣ. ನಾನು ಒಪ್ಪುವುದಿಲ್ಲ. ಚಾಮರಾಜನಗರದ ಚಾಮರಾಜೇಶ್ವರ ಗುಡಿಯನ್ನು ನೋಡಿ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಹುಟ್ಟಿದ ಅರಿಕುಠಾರಕ್ಕೆ ಚಾಮರಾಜನಗರ ಎಂದು ಹೆಸರಿಟ್ಟು, 1826ರಲ್ಲಿ ಕಟ್ಟಿಸಿದ ಗುಡಿ ಅದು. ಆಷಾಢದಲ್ಲಿ ನಡೆಯುವ ಅದರ ತೇರಿಗೆ ಹೊಸದಾಗಿ ಮದುವೆಯಾದ ಜೋಡಿಗಳು ಸುತ್ತಲ ತಾಲ್ಲೂಕುಗಳಿಂದೆಲ್ಲ ಬಂದು ಹಣ್ಣುಜವನ ಎಸೆಯುತ್ತಾರೆ. 2017ರಲ್ಲಿ ಆ ತೇರಿಗೆ ಬೆಂಕಿ ಬಿದ್ದು ಕೆಟ್ಟಾಗ ತೇರು ನಿಂತೇಹೋಯಿತು. ಮುಂದಿನ ವರ್ಷಗಳಲ್ಲಿ ಊರವರು ಸುಮ್ಮನಿರಲಿಲ್ಲ. ಆಷಾಢ ಬಂದಾಗಲೆಲ್ಲ ತೇರೆಲ್ಲಿ ಎಂದು ಕೇಳುತ್ತಲೇ ಹೋದರು. 2022ರಲ್ಲಿ ಹೊಸ ತೇರು ಎಳೆದರು. ಬೇಕು ಎನ್ನುವವರಿದ್ದ ಕಡೆ ಸರ್ಕಾರಕ್ಕೂ ಮಾಡದೆ ವಿಧಿಯಿಲ್ಲ. ಪರಂಪರೆಯ ಬಗ್ಗೆ ಯಾವ ಭಾಷಣವೂ ಇಲ್ಲದೆ ಅಲ್ಲಿ ನಡೆದ ಕೆಲಸ ಅದು.

ಹಾಗಾದರೆ ಉಳಿದ ಕಡೆ ಈ ಕೊಂಡಿ ಎಲ್ಲಿ ಕಳಚಿತು? ಉತ್ತರ ನಮ್ಮ ಶಾಸನಗಳಲ್ಲೇ ಇದೆ. ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು 1898ರಷ್ಟು ಹಿಂದೆಯೇ ಎಪಿಗ್ರಾಫಿಯಾ ಕರ್ನಾಟಿಕಾದ 4ನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಗುಡಿ ಶಾಸನ ಎಂದರೆ ರಾಜನ ಬಿರುದಾವಳಿ ಎಂದು ನಾವು ತಿಳಿದಿದ್ದೇವೆ. ಬಿರುದುಗಳನ್ನು ದಾಟಿ ಮುಂದೆ ಓದಿದರೆ ಸಿಗುವುದು ಲೆಕ್ಕ: ಇಂತಿಷ್ಟು ಗದ್ದೆ ನಂದಾದೀವಿಗೆಗೆ, ಇಷ್ಟು ಹೂದೋಟಕ್ಕೆ, ಇಷ್ಟು ಪೂಜಾರಿಗೆ, ಇಷ್ಟು ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ, ಅಂದರೆ ಒಡೆದದ್ದು ಬಿರಿದದ್ದನ್ನು ಸರಿಪಡಿಸುವುದಕ್ಕೆ. ಕಟ್ಟಿಸಿದ ದಿನವೇ ಅದು ಕೆಡುತ್ತದೆ ಎಂಬುದನ್ನು ಅರಿತು, ರಿಪೇರಿಯ ಖರ್ಚಿಗೆ ನೆಲ ತೆಗೆದಿಟ್ಟವರು ಅವರು. ಆ ನೆಲ ಉತ್ತವನು ಗುಡಿಗೆ ಇಷ್ಟು ಅಳೆಯಬೇಕು. ಬೆಳೆ ಅವನದು, ಹೊಣೆಯೂ ಅವನದೇ.

ಮೈಸೂರು ರಾಜ್ಯ 1955ರ ಕಾಯಿದೆಯಿಂದ ದೇವಾದಾಯದ ಇನಾಮುಗಳನ್ನು ರದ್ದು ಮಾಡಿತು. ತಲೆತಲಾಂತರದಿಂದ ಉಳುತ್ತಿದ್ದವನ ಕೈಗೆ ನೆಲ ಸೇರಿದ್ದು ನ್ಯಾಯವೇ. ಅದನ್ನು ಹಿಂದಕ್ಕೆ ತಿರುಗಿಸಬೇಕೆಂದು ಯಾರೂ ಹೇಳಬಾರದು. ಆದರೆ ನೆಲದ ಜೊತೆ ಇದ್ದ ಹೊಣೆ ಎಲ್ಲಿಗೆ ಹೋಯಿತು ಎಂದು ಆಗ ಯಾರೂ ಕೇಳಲಿಲ್ಲ. ಬದಲಿಗೆ ಬಂದದ್ದು ಸರ್ಕಾರ ವರ್ಷಕ್ಕಿಷ್ಟೆಂದು ಕೊಡುವ ತಸ್ತೀಕು; ಅದು ಎಣ್ಣೆ ಬತ್ತಿಗೆ, ಅರ್ಚಕರ ಹೊಟ್ಟೆಪಾಡಿಗೆ ಸಾಕಾದರೆ ಹೆಚ್ಚು. ಬಿರಿದ ವಿಮಾನಕ್ಕೆ ಬಾಬ್ತಿಲ್ಲ. ಹೀಗೆ ಊರಿಗೆ ಗುಡಿಯಿಂದ ಬರುವುದೂ ನಿಂತಿತು, ಗುಡಿಗೆ ಊರಿಂದ ಹೋಗುವುದೂ ನಿಂತಿತು. ‘ಗುಡಿ ಗೌರ್ಮೆಂಟ್‌ದು ಸಾ, ನಾವ್ ಮುಟ್ಟಂಗಿಲ್ಲ’ ಎಂಬ ಮಾತು ನಮ್ಮ ಕಡೆ ಕೇಳುವುದು ಇದರಿಂದಲೇ. ಇದನ್ನು ಅಸಡ್ಡೆ ಎಂದು ಬೈಯುವುದು ಸುಲಭ. ಅದು ಲೆಕ್ಕಕ್ಕೆ ಸರಿಯಾದ ಮಾತು.

ಇಲ್ಲೊಂದು ಗಟ್ಟಿಯಾದ ಆಕ್ಷೇಪವಿದೆ. ಬಳಕೆಯಿಂದಲೇ ಕಟ್ಟಡ ಉಳಿಯುವುದಾದರೆ, ಬಳಕೆಯಲ್ಲಿರುವ ಗುಡಿಗಳ ಗತಿ ನೋಡಿದ್ದೀರಾ? ಕಂಬಗಳಿಗೆ ಎನಾಮೆಲ್ ಪೇಂಟು, ಗರ್ಭಗುಡಿಗೆ ಬಚ್ಚಲಿಗೆ ಹಾಕುವ ಟೈಲ್ಸು, ಹೊಯ್ಸಳರ ನವರಂಗಕ್ಕೆ ತಗುಲಿದಂತೆ ಆರ್‌ಸಿಸಿ ಮಂಟಪ, ಬಾಗಿಲಿಗೆ ಕಬ್ಬಿಣದ ಗ್ರಿಲ್ಲು. ಶಾಸನದ ಕಲ್ಲನ್ನು ಮೆಟ್ಟಿಲು ಮಾಡಿ ದಾನಿಗಳ ಹೆಸರಿನ ಗ್ರಾನೈಟ್ ಫಲಕ ನೆಟ್ಟದ್ದೂ ಉಂಟು. ಇದೆಲ್ಲ ನಿಜ, ಅಲ್ಲಗಳೆಯುವಂತಿಲ್ಲ. ಆದರೆ ಒಕ್ಕಲಿಲ್ಲದ ಗುಡಿಗೆ ಬರುವವನು ನಿಧಿಗಳ್ಳ. ಅವನು ಲಿಂಗದ ಪೀಠವನ್ನೇ ಅಗೆದು ಹೋಗುತ್ತಾನೆ. ಬಣ್ಣವನ್ನು ತಜ್ಞರು ಕೂತು ತೆಗೆಯಬಹುದು. ಅಗೆದು ಬೀಳಿಸಿದ ಗೋಡೆ ಮರಳಿ ಬರುವುದಿಲ್ಲ. ಊರವರ ಉತ್ಸಾಹದ ಹಾನಿಯನ್ನು ತಡೆಯಲು ಬೇಕಾದದ್ದು ತಿಳಿವಳಿಕೆ ಮತ್ತು ಕಟ್ಟಳೆ. ಅದಕ್ಕಾಗಿ ಊರವರನ್ನೇ ದೂರ ಇಡುವುದು ನೆಗಡಿಗೆ ಮೂಗು ಕೊಯ್ದಂತೆ.

ನಮ್ಮ ಕಟ್ಟಳೆಗಳು ಹೇಗಿವೆ? ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆ ಇನ್ನೂ 200 ಮೀಟರು ನಿರ್ಬಂಧಿತ. 1958ರ ಕಾಯಿದೆಗೆ 2010ರಲ್ಲಿ ತಂದ ತಿದ್ದುಪಡಿ ಇದು. ನಿಷಿದ್ಧ ವಲಯದಲ್ಲಿ ಇರುವ ಮನೆಯನ್ನು ರಿಪೇರಿ ಮಾಡಲೂ ಅನುಮತಿ ಬೇಕು. ದೊಡ್ಡ ನಗರದ ಬಿಲ್ಡರುಗಳನ್ನು ತಡೆಯಲು ಇಂಥ ಕಟ್ಟುನಿಟ್ಟು ಅಗತ್ಯವೇ. ಆದರೆ ನಾಡಹೆಂಚು ಬದಲಿಸಬೇಕಾದ, ದನದ ಕೊಟ್ಟಿಗೆಯ ಗೋಡೆ ಎತ್ತಬೇಕಾದ ಹಳ್ಳಿಯವನಿಗೂ ಅದೇ ಅರ್ಜಿ, ಅದೇ ಅಲೆದಾಟ. ಅಂಥವನಿಗೆ ಪಕ್ಕದ ಗುಡಿ ಹೆಮ್ಮೆಯಾಗಿ ಕಾಣುವುದು ಹೇಗೆ? ಸ್ಪ್ಲಿಟ್ ಅರಮನೆಯ ಒಕ್ಕಲಿಗೂ ನಿಯಮಗಳಿವೆ. ಕಿಟಕಿ ಬದಲಿಸಲೂ ಕೇಳಬೇಕು. ಆದರೆ ಅಲ್ಲಿನ ನಿಯಮದ ಹಿಂದಿರುವ ನಂಬಿಕೆ, ಅವನು ಅಲ್ಲೇ ಇರುತ್ತಾನೆ, ಇರಬೇಕು ಎಂಬುದು. ನಮ್ಮದರ ಹಿಂದಿರುವುದು, ಅವನು ಇಲ್ಲದಿದ್ದರೇ ಚೆನ್ನ ಎಂಬ ಎಣಿಕೆ.

ಮಾಡಬಹುದಾದದ್ದು ಆಕಾಶದಿಂದ ಇಳಿದುಬರಬೇಕಾಗಿಲ್ಲ. ಶ್ರೀ ಕ್ಷೇತ್ರ ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ ಹಳೆಯ ಗುಡಿಗಳ ಜೀರ್ಣೋದ್ಧಾರಕ್ಕೆ ಖರ್ಚಿನ ಶೇ. 40ನ್ನು ತಾನು ಹಾಕಿ, ಶೇ. 40ನ್ನು ಸರ್ಕಾರದಿಂದ, ಉಳಿದ ಶೇ. 20ನ್ನು ಊರವರಿಂದ ಹಾಕಿಸುವ ಪದ್ಧತಿ ನಡೆಸಿಕೊಂಡು ಬಂದಿದೆ. ಆ ಇಪ್ಪತ್ತರಲ್ಲೇ ಗುಟ್ಟಿದೆ. ದುಡ್ಡು ಹಾಕಿದ ಊರು ಮುಂದೆ ಕಣ್ಣಿಡುತ್ತದೆ. ತಸ್ತೀಕಿನ ಜೊತೆಗೆ ವರ್ಷಕ್ಕಿಷ್ಟೆಂದು ರಿಪೇರಿ ನಿಧಿಯನ್ನೂ ಇಟ್ಟು, ಅದರ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದುವಂತಾದರೆ ಶಾಸನದ ಹಳೆಯ ಏರ್ಪಾಡು ಹೊಸ ರೂಪದಲ್ಲಿ ಮರಳಿದಂತೆ. ಜಿಲ್ಲೆಗೊಂದಷ್ಟು ಗಾರೆಯವರಿಗೆ ಸುಣ್ಣದ ಕೆಲಸವನ್ನು ಮತ್ತೆ ಕಲಿಸಿ, ಸ್ಮಾರಕಗಳ ಕೆಲಸ ಅವರಿಗೇ ಸಿಗುವಂತೆ ಮಾಡಬೇಕು. ಮನೆ ರಿಪೇರಿಯ ಅರ್ಜಿ ಇಂತಿಷ್ಟು ದಿನದೊಳಗೆ ತಾಲ್ಲೂಕಿನಲ್ಲೇ ತೀರ್ಮಾನವಾಗಬೇಕು. ರೋಮಿನ ಪ್ಯಾಂಥಿಯನ್‌ಗೆ 2023ರಲ್ಲಿ ಐದು ಯೂರೊ ಟಿಕೆಟ್ ಇಟ್ಟರು. ಬಂದ ದುಡ್ಡಿನಲ್ಲಿ ಒಂದು ಪಾಲು ಅದನ್ನು ಬಳಸುವ ಅಲ್ಲಿನ ಕ್ರೈಸ್ತ ಧರ್ಮಪ್ರಾಂತ್ಯಕ್ಕೂ ಹೋಗುತ್ತದೆ. ನಮ್ಮಲ್ಲಿ ಟಿಕೆಟ್ ಇರುವ ಸ್ಮಾರಕಗಳ ದುಡ್ಡಿನಲ್ಲಿ ಆ ಗ್ರಾಮ ಪಂಚಾಯಿತಿಗೂ ಒಂದು ಪಾಲು ಏಕಿರಬಾರದು?

ಒಂದು ಎಚ್ಚರಿಕೆಯೂ ಬೇಕು. ತೆರಕಣಾಂಬಿಯನ್ನು ‘ಪ್ರವಾಸಿ ತಾಣ’ ಮಾಡಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂಬ ಯೋಜನೆ ನಾಳೆಯೇ ಬರಬಹುದು. ಅದೇ ಸ್ಪ್ಲಿಟ್‌ನಲ್ಲಿ ಈಗ ಅರಮನೆಯೊಳಗಿನ ಮನೆಗಳು ಒಂದೊಂದಾಗಿ ಪ್ರವಾಸಿಗಳಿಗೆ ದಿನಬಾಡಿಗೆಯ ಕೋಣೆಗಳಾಗುತ್ತಿವೆ. ಹಳಬರು ಹೊರಗೆ ಹೋಗುತ್ತಿದ್ದಾರೆ. ಏಳನೆಯ ಶತಮಾನದ ದಾಳಿ ತುಂಬಿಸಿದ ಊರನ್ನು ಬಾಡಿಗೆಯ ಆಸೆ ಖಾಲಿ ಮಾಡಿಸಬಹುದು. ಆದ್ದರಿಂದ ಯಾವ ಯೋಜನೆ ಬಂದರೂ ಅದನ್ನು ಅಳೆಯಬೇಕಾದದ್ದು ಎಷ್ಟು ಪ್ರವಾಸಿಗಳು ಬಂದರು ಎಂಬುದರಿಂದಲ್ಲ. ಹತ್ತು ವರ್ಷದ ಮೇಲೆ ಗುಡಿಯ ಬೀದಿಯಲ್ಲಿ ಎಷ್ಟು ಮನೆಗಳಲ್ಲಿ ಒಲೆ ಉರಿಯುತ್ತಿದೆ, ಆ ಮನೆಗಳವರಿಗೆ ಗುಡಿಯಿಂದ ಏನು ಬರುತ್ತಿದೆ, ಅವರಿಂದ ಗುಡಿಗೆ ಏನು ಹೋಗುತ್ತಿದೆ ಎಂದು ಎಣಿಸಬೇಕು. ಗ್ರಾಮ ಪಂಚಾಯಿತಿಯ ಬಳಿ ಮನೆಗಳ ಲೆಕ್ಕ ಹೇಗೂ ಇದೆ, ಗುಡಿಗಳ ಲೆಕ್ಕ ಇಲಾಖೆಯ ಬಳಿ ಇದೆ. ಎರಡನ್ನೂ ಒಂದೇ ಕಡತಕ್ಕೆ ತರುವುದು ಮೊದಲ ಕೆಲಸ; ಅದಕ್ಕೆ ಯುರೋಪಿಗೆ ಅಧ್ಯಯನ ಪ್ರವಾಸ ಬೇಕಾಗಿಲ್ಲ.